ತಕ್ಕಡಿ ವಾಲಿಸಿದ ಕೋಚ್‌ಗಳು

2017ರ ನವೆಂಬರ್ 13ರ ರಾತ್ರಿ. ಮಿಲಾನ್ ನಗರದ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಇಟಲಿ ಮತ್ತು ಸ್ವೀಡನ್ ನಡುವೆ ಫುಟ್‌ಬಾಲ್ ಪಂದ್ಯ. ಮೂರು ದಿನಗಳ ಹಿಂದೆ ಸ್ವೀಡನ್‌ನಲ್ಲಿ ಒಂದು ಗೋಲಿನಿಂದ ಸೋತು ಬಂದಿದ್ದ ಇಟಲಿ ಈ ಪಂದ್ಯವನ್ನು ಗೆಲ್ಲಲೇಬೇಕು, ಇಲ್ಲವಾದರೆ ಮರುವರ್ಷದ ವಿಶ್ವಕಪ್ ಇಲ್ಲ. ಹೊತ್ತು ಮೀರುತ್ತಿದೆ, ಗೋಲು ಮಾತ್ರ ಬರುತ್ತಿಲ್ಲ. ಬೆಂಚಿನಲ್ಲಿ ಕುಳಿತಿದ್ದ ಅನುಭವಿ ಆಟಗಾರ ಡೇನಿಯೆಲೆ ಡಿ ರೋಸಿಯನ್ನು ಮೈದಾನಕ್ಕಿಳಿಯಲು ಸಿದ್ಧನಾಗು ಎಂದಾಗ ಆತ ಸಿಟ್ಟಿನಿಂದ ಪಕ್ಕದಲ್ಲಿದ್ದ ಇನ್ಸಿನ್ಯೆಯತ್ತ ಕೈತೋರಿಸಿದ. ನಮಗೀಗ ಬೇಕಿರುವುದು ಗೆಲುವು, ನನ್ನಂಥ ರಕ್ಷಣಾ ಮನೋಭಾವದವನಲ್ಲ, ಗೋಲು ಹೊಡೆಯುವ ಅವನನ್ನು ಕಳಿಸಿ ಎಂಬುದು ಆ ಸನ್ನೆಯ ಅರ್ಥ. ಟಿ.ವಿ. ಮುಂದೆ ಕುಳಿತವರಿಗೂ ಅದು ಅರ್ಥವಾಯಿತು. ಪಂದ್ಯ ಗೋಲಿಲ್ಲದೆ ಮುಗಿಯಿತು. ಗೋಲ್‌ಕೀಪರ್ ಬುಫನ್ ಕ್ಯಾಮೆರಾ ಎದುರೇ ಅತ್ತುಬಿಟ್ಟ. ನಾಲ್ಕು ಬಾರಿ ವಿಶ್ವಕಪ್ ಗೆದ್ದ ದೇಶ 1958ರ ನಂತರ ಮೊದಲ ಬಾರಿಗೆ ಅರ್ಹತೆ ಪಡೆಯದೆ ಹೊರಗುಳಿಯಿತು.

ಎರಡೇ ದಿನಕ್ಕೆ ಕೋಚ್ ವೆಂತೂರಾ ಅವರನ್ನು ಮನೆಗೆ ಕಳಿಸಲಾಯಿತು. ಆ ತಿಂಗಳ 20ರಂದು ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಕಾರ್ಲೊ ತವೆಕ್ಕಿಯೊ ಕೂಡ ರಾಜೀನಾಮೆ ಕೊಟ್ಟರು. ಸೋತ ಮನೆಯಲ್ಲಿ ಬೈಗುಳಕ್ಕೆ ಬರವೇ? ಪತ್ರಿಕೆಗಳೆಲ್ಲ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡವು. ಆದರೆ ಆ ಅಧ್ಯಕ್ಷರನ್ನು ಎಂಟು ತಿಂಗಳ ಹಿಂದಷ್ಟೇ ಎರಡನೇ ಬಾರಿಗೆ ಕುರ್ಚಿಯ ಮೇಲೆ ಕೂರಿಸಿದವರು ಯಾರು ಎಂಬ ಲೆಕ್ಕ ಹಿಡಿದು ಹೋದರೆ ಸಿಗುವ ಉತ್ತರ ಸ್ವಾರಸ್ಯವಾದದ್ದು. ಶ್ರೀಮಂತ ಕ್ಲಬ್‌ಗಳೂ ಅಲ್ಲ, ಹೆಸರಾಂತ ಆಟಗಾರರೂ ಅಲ್ಲ, ಕೋಚ್‌ಗಳ ಸಂಘ.

ಇದು ಅರ್ಥವಾಗಬೇಕಾದರೆ ಇಟಲಿಯ ಒಕ್ಕೂಟದಲ್ಲಿ ಮತ ಎಣಿಸುವ ಕ್ರಮವನ್ನು ಸ್ವಲ್ಪ ನೋಡಬೇಕು. ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಇರುವುದು ತಲೆ ಎಣಿಕೆ. ಬಡವನಿಗೂ ಒಂದೇ ಮತ, ಬಲ್ಲಿದನಿಗೂ ಒಂದೇ ಮತ. ಅಲ್ಲಿನದು ತಕ್ಕಡಿ ಕ್ರಮ. ಒಟ್ಟು ಮತವನ್ನು ನೂರು ತೂಕ ಎಂದಿಟ್ಟುಕೊಂಡು, ಫುಟ್‌ಬಾಲಿನ ಒಂದೊಂದು ವರ್ಗಕ್ಕೂ ಇಂತಿಷ್ಟು ತೂಕದ ಕಲ್ಲು ಎಂದು ಹಂಚಿಕೊಡಲಾಗಿದೆ. 2014ರಿಂದ 2021ರವರೆಗಿನ ಚುನಾವಣೆಗಳಲ್ಲಿ ಅತಿ ಭಾರದ ಕಲ್ಲು ಇದ್ದದ್ದು ಹಳ್ಳಿ ಪಟ್ಟಣಗಳ ಹವ್ಯಾಸಿ ಕ್ಲಬ್‌ಗಳ ಲೀಗಿನ ಕೈಯಲ್ಲಿ, 34. ಆಟಗಾರರ ಸಂಘಕ್ಕೆ 20, ಮೂರನೇ ದರ್ಜೆಯ ವೃತ್ತಿಪರ ಲೀಗಿಗೆ 17. ಯುವೆಂಟಸ್, ಮಿಲಾನ್, ಇಂಟರ್ ಎಂದು ಜಗತ್ತೆಲ್ಲ ಬಲ್ಲ ತಂಡಗಳಿರುವ ‘ಸೀರಿ ಎ’ಗೆ ಬರೀ 12. ಅದರ ಕೆಳಗಿನ ‘ಸೀರಿ ಬಿ’ಗೆ 5, ರೆಫರಿಗಳಿಗೆ 2. ಉಳಿದ 10 ಕೋಚ್‌ಗಳದ್ದು.

ಹತ್ತು ಎಂದರೆ ಅಲ್ಪವೆಂದು ತೋರಬಹುದು. ಆದರೆ ಒಂದು ಚಿಕ್ಕ ಭಾಗಾಕಾರ ಮಾಡಿ ನೋಡಿ. ಸೀರಿ ಎ ಲೀಗಿನ 12 ತೂಕವನ್ನು ಅದರ 20 ಕ್ಲಬ್‌ಗಳು ಹಂಚಿಕೊಳ್ಳಬೇಕು. ಅಂದರೆ ಒಂದು ಕ್ಲಬ್ಬಿನ ಪಾಲು 0.6. ಕೋಚ್‌ಗಳ ಹತ್ತು ತೂಕ ಎಂದರೆ ಹದಿನಾರು ಹದಿನೇಳು ಸೀರಿ ಎ ಕ್ಲಬ್‌ಗಳು ಒಟ್ಟಾಗಿ ನಿಂತಷ್ಟು! ಕೋಟ್ಯಂತರ ಹಣ ಸುರಿದು ತಂಡ ಕಟ್ಟಿದ ಮಾಲೀಕರು ಒಂದೇ ಮಾತಿಗೆ ಬರುವುದು ಅಪರೂಪ. ಒಬ್ಬ ಪೂರ್ವಕ್ಕೆ ಎಳೆದರೆ ಇನ್ನೊಬ್ಬ ಪಶ್ಚಿಮಕ್ಕೆ. ಸಂಘದವರಾದರೋ ಮೊದಲೇ ಸಭೆ ಸೇರಿ ಮಾತಾಡಿಕೊಂಡು ಒಂದೇ ಗಂಟಾಗಿ ಬರುತ್ತಾರೆ. ಚೂರುಚೂರಾದ ಹನ್ನೆರಡಕ್ಕಿಂತ ಇಡಿಯಾದ ಹತ್ತು ಹೆಚ್ಚು ಭಾರ.

ಕೋಚ್‌ಗಳಿಗೆ ಈ ಹಕ್ಕು ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ. ಇಟಲಿಯಲ್ಲಿ ಆಟಗಾರರ ಸಂಘ, ಕೋಚ್‌ಗಳ ಸಂಘ ಎರಡೂ ಹುಟ್ಟಿದ್ದು 1960ರ ದಶಕದಲ್ಲಿ. ಬಹಳ ಕಾಲ ಅವು ಬಾಗಿಲ ಹೊರಗೆ ನಿಂತು ಅಹವಾಲು ಹೇಳಿಕೊಳ್ಳುವ ಸ್ಥಿತಿಯಲ್ಲೇ ಇದ್ದವು. ಒಳಗೆ ಕುಳಿತು ತೀರ್ಮಾನ ಮಾಡುವವರು ಕ್ಲಬ್ ಮತ್ತು ಲೀಗಿನ ಧಣಿಗಳು. 1999ರಲ್ಲಿ ಬಂದ ಒಂದು ಶಾಸನ ಈ ಕಟ್ಟನ್ನು ಸಡಿಲಿಸಿತು. ಆಗ ಕ್ರೀಡೆಯ ಹೊಣೆಯಿದ್ದ ಸಚಿವೆ ಜೊವಾನಾ ಮೆಲಾಂದ್ರಿ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ದೇಶದ ಕ್ರೀಡಾ ಒಕ್ಕೂಟಗಳ ಆಡಳಿತದಲ್ಲಿ ಕ್ರೀಡಾಪಟುಗಳು ಮತ್ತು ತರಬೇತುದಾರರ ಪಾಲು ಶೇ 30ಕ್ಕೆ ಕಡಿಮೆ ಇರಕೂಡದು ಎಂಬುದು ಅದರ ತಿರುಳು. ಆಟಗಾರರ ಇಪ್ಪತ್ತು, ಕೋಚ್‌ಗಳ ಹತ್ತು, ಕೂಡಿದರೆ ಸರಿಯಾಗಿ ಮೂವತ್ತು. ಲೆಕ್ಕ ಎಲ್ಲಿಂದ ಬಂತು ಎಂಬುದು ಈಗ ಗೊತ್ತಾಯಿತಲ್ಲ.

ಸರಿ, ಅಧ್ಯಕ್ಷರು ಯಾರಾದರೆ ಕೋಚ್‌ಗಳಿಗೇನು? ಮೈದಾನದಲ್ಲಿ ಸೀಟಿ ಊದುವುದು ಬಿಟ್ಟು ಅವರಿಗೇಕೆ ಈ ರಾಜಕೀಯ? ಹಾಗೆ ಕೇಳುವವರು ಟಿ.ವಿ.ಯಲ್ಲಿ ಕಾಣುವ ಸೂಟುಬೂಟಿನ ಕೋಚ್‌ಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅಂಥವರು ಕೈಬೆರಳೆಣಿಕೆಯಷ್ಟು. ಸಂಘದಲ್ಲಿ ತುಂಬಿರುವವರು ಬೇರೆಯೇ ಜನ: ಹಗಲು ಎಲ್ಲೋ ನೌಕರಿ ಮಾಡಿ ಸಂಜೆ ಊರ ಮೈದಾನದಲ್ಲಿ ಹುಡುಗರನ್ನು ಓಡಿಸುವವರು, ಸಣ್ಣ ಕ್ಲಬ್ಬಿನ ಸಣ್ಣ ಸಂಬಳದವರು. ನಾಲ್ಕು ಪಂದ್ಯ ಸೋತರೆ ಮೊದಲು ಹೋಗುವ ತಲೆ ಅವರದ್ದು. ಪರವಾನಗಿ ಪಡೆದ ತರಬೇತುದಾರರನ್ನೇ ಇಟ್ಟುಕೊಳ್ಳಬೇಕೆಂಬ ನಿಯಮ ಸಡಿಲವಾದರೆ ಇವರ ಅನ್ನಕ್ಕೆ ಕಲ್ಲು. ಇಟಲಿಯಲ್ಲಿ ಬಹುಕಾಲದಿಂದ ಇನ್ನೊಂದು ನಿಯಮವಿತ್ತು. ಒಂದು ಋತುವಿನಲ್ಲಿ ಒಂದು ಕ್ಲಬ್ಬಿನ ಕೋಚ್ ಆದವರು ಅದೇ ಋತುವಿನಲ್ಲಿ ಇನ್ನೊಂದಕ್ಕೆ ಹೋಗುವಂತಿಲ್ಲ. ಕೆಲಸ ಕಳೆದುಕೊಂಡವರಿಗೆ ಇದು ಶಿಕ್ಷೆಯಂತೆ ಕಂಡರೂ, ಕೆಲಸಕ್ಕಾಗಿ ಕಾದು ಕುಳಿತ ಬೇರೆಯವರಿಗೆ ಅವಕಾಶ ಸಿಗುವುದು ಇದರಿಂದಲೇ. ಇಂಥ ನಿಯಮಗಳು ಉಳಿಯುವುದೂ ಅಳಿಯುವುದೂ ಒಕ್ಕೂಟದ ಮಂಡಳಿಯಲ್ಲಿ.

ಇದರ ಮೇಲೆ ಕೊವೆರ್ಚಾನೊ ಇದೆ. ಫ್ಲಾರೆನ್ಸ್ ನಗರದ ಅಂಚಿನಲ್ಲಿ 1958ರಲ್ಲಿ ಆರಂಭವಾದ ತರಬೇತಿ ಕೇಂದ್ರವದು. ಇಟಲಿಯ ಉನ್ನತ ದರ್ಜೆಯ ಕೋಚ್‌ಗಳೆಲ್ಲ ಪಾಠ ಕಲಿತು ಪರವಾನಗಿ ಪಡೆಯುವುದು ಅಲ್ಲಿ. ಆ ತಾಂತ್ರಿಕ ವಿಭಾಗಕ್ಕೆ ಯಾರು ಮುಖ್ಯಸ್ಥರಾಗಬೇಕು, ಅವರ ಮಾತಿಗೆ ಎಷ್ಟು ಬೆಲೆ ಎಂಬುದು ಒಕ್ಕೂಟದ ಮೇಲಿನವರ ಮರ್ಜಿ. 1994ರ ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿ ಚೆಂಡನ್ನು ಆಕಾಶಕ್ಕೆ ಹೊಡೆದು ತಲೆತಗ್ಗಿಸಿ ನಿಂತ ರಾಬರ್ಟೊ ಬಾಜಿಯೊ ಓದುಗರಿಗೆ ನೆನಪಿರಬಹುದು. ಆತನನ್ನು 2010ರಲ್ಲಿ ಈ ವಿಭಾಗಕ್ಕೆ ಅಧ್ಯಕ್ಷನನ್ನಾಗಿ ಮಾಡಿದರು. ಎಳೆಯರ ಫುಟ್‌ಬಾಲನ್ನು ಬುಡದಿಂದ ತಿದ್ದುವುದು ಹೇಗೆ ಎಂಬುದರ ಬಗ್ಗೆ ಆತ ತನ್ನ ಬಳಗದೊಡನೆ ಕೂತು 900 ಪುಟಗಳ ವರದಿಯನ್ನೇ ಸಿದ್ಧಪಡಿಸಿದ. ವರದಿಗಳ ಹಣೆಬರಹ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು. ಅದು ಕಾಗದದಲ್ಲೇ ಉಳಿಯಿತೆಂದು ಬೇಸತ್ತು 2013ರ ಜನವರಿಯಲ್ಲಿ ಆತ ಹುದ್ದೆ ಬಿಟ್ಟು ಹೊರನಡೆದ.

ಮರುವರ್ಷ ಬ್ರೆಜಿಲ್ ವಿಶ್ವಕಪ್‌ನಲ್ಲಿ ಇಟಲಿ ಮೊದಲ ಸುತ್ತಿನಲ್ಲೇ ಸೋತಿತು. ಕೋಚ್ ಪ್ರಾಂದೆಲ್ಲಿ, ಅಧ್ಯಕ್ಷ ಅಬೇತೆ ಇಬ್ಬರೂ ಅದೇ ದಿನ ರಾಜೀನಾಮೆ ಘೋಷಿಸಿದರು. ಹೊಸ ಅಧ್ಯಕ್ಷರ ಆಯ್ಕೆಗೆ ಇಬ್ಬರು ಹುರಿಯಾಳುಗಳು. ಒಬ್ಬರು ಹವ್ಯಾಸಿ ಲೀಗಿನ ಮುಖ್ಯಸ್ಥ, ಆಗ 71ರ ತವೆಕ್ಕಿಯೊ. ಹಿಂದೆ ಬ್ಯಾಂಕ್ ಅಧಿಕಾರಿಯಾಗಿದ್ದವರು, ತಮ್ಮ ಪುಟ್ಟ ಊರಿನ ಮೇಯರ್ ಆಗಿದ್ದವರು, ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದ ಹಳೆಯ ಹುಲಿ. ಇನ್ನೊಬ್ಬರು ಮಿಲಾನ್ ತಂಡದಲ್ಲಿ ಆಡಿ ಹೆಸರು ಮಾಡಿದ್ದ, ವಯಸ್ಸಿನಲ್ಲಿ ಸಾಕಷ್ಟು ಕಿರಿಯರಾದ ದೆಮೆತ್ರಿಯೊ ಆಲ್ಬರ್ತಿನಿ. ಪ್ರಚಾರದ ನಡುವೆ ತವೆಕ್ಕಿಯೊ ಬಾಯಿ ಜಾರಿದರು. ಹೊರದೇಶದ ಆಟಗಾರರ ಬಗ್ಗೆ ಮಾತಾಡುತ್ತಾ, ಒಂದು ಕಲ್ಪಿತ ಆಫ್ರಿಕನ್ ಹೆಸರು ಹೇಳಿ, ನಿನ್ನೆಯವರೆಗೆ ಬಾಳೆಹಣ್ಣು ತಿನ್ನುತ್ತಿದ್ದವನು ಇಂದು ಇಲ್ಲಿ ಆಡುತ್ತಾನೆ ಎಂಬರ್ಥದ ಮಾತಾಡಿದರು. ಯುರೋಪೆಲ್ಲ ಛೀಮಾರಿ ಹಾಕಿತು. ಆನಂತರ ಯುರೋಪಿನ ಫುಟ್‌ಬಾಲ್ ಸಂಸ್ಥೆ ಅವರನ್ನು ತನ್ನ ಹುದ್ದೆಗಳಿಂದ ಆರು ತಿಂಗಳು ದೂರವಿಟ್ಟಿತು ಕೂಡ.

ಆ ಚುನಾವಣೆಯಲ್ಲಿ ಆಟಗಾರರ ಸಂಘ ಮತ್ತು ಕೋಚ್‌ಗಳ ಸಂಘ ಜೊತೆಯಾಗಿ ಆಲ್ಬರ್ತಿನಿ ಬೆನ್ನಿಗೆ ನಿಂತವು. 2014ರ ಆಗಸ್ಟ್ 11ರಂದು ಮೂರನೇ ಸುತ್ತಿನಲ್ಲಿ ಬಂದ ಫಲಿತಾಂಶ: ತವೆಕ್ಕಿಯೊ ಶೇ 63.63, ಆಲ್ಬರ್ತಿನಿ ಶೇ 33.95. ಎರಡೂ ಸಂಘಗಳ ಮೂವತ್ತು ತೂಕದ ಮೇಲೆ ಆಲ್ಬರ್ತಿನಿಗೆ ದಕ್ಕಿದ್ದು ನಾಲ್ಕು ತೂಕವಷ್ಟೇ. ಬಾಳೆಹಣ್ಣಿನ ಮಾತು ಬೀದಿಯಲ್ಲಿ ಎಷ್ಟು ಸದ್ದು ಮಾಡಿದರೂ ತಕ್ಕಡಿಯ ಮೇಲೆ ಒಂದು ಗುಲಗಂಜಿ ತೂಗಲಿಲ್ಲ.

ಕಥೆ ತಿರುವು ತೆಗೆದುಕೊಂಡದ್ದು 2017ರ ಮಾರ್ಚ್ 6ರಂದು. ಮತ್ತೆ ತವೆಕ್ಕಿಯೊ, ಈ ಬಾರಿ ಎದುರಾಳಿ ಸೀರಿ ಬಿ ಲೀಗಿನ ಮುಖ್ಯಸ್ಥರಾಗಿದ್ದ ಆಂದ್ರೆಯಾ ಅಬೋದಿ. ಕೋಚ್‌ಗಳ ಸಂಘಕ್ಕೆ 2006ರಿಂದ ಅಧ್ಯಕ್ಷರಾಗಿದ್ದವರು ರೆಂಜೊ ಉಲಿವಿಯೇರಿ. ಬೊಲೋನ್ಯಾ, ಸಾಂಪ್‌ಡೋರಿಯಾ ಮುಂತಾದ ತಂಡಗಳನ್ನು ನಡೆಸಿದ ಹಿರಿಯ ಕೋಚ್, ಕಟ್ಟಾ ಎಡಪಂಥೀಯ. ಮನೆಯಲ್ಲಿ ಲೆನಿನ್‌ನ ಪ್ರತಿಮೆ ಇಟ್ಟುಕೊಂಡವರೆಂದು ಪ್ರಸಿದ್ಧರು. 2018ರ ಸಾರ್ವತ್ರಿಕ ಚುನಾವಣೆಯಲ್ಲಿ ಎಡಪಂಥದ ಪಟ್ಟಿಯಿಂದ ನಿಂತವರು. ಇಂಥವರು ಹಳೆಯ ಕ್ರಿಶ್ಚಿಯನ್ ಡೆಮಾಕ್ರಟ್ ಬ್ಯಾಂಕರನ ಕೈಹಿಡಿಯುತ್ತಾರೆಂದರೆ ನಂಬುವುದು ಕಷ್ಟ. ಆದರೆ ಹಿಡಿದರು. ಮೂರು ವರ್ಷದ ಹಿಂದೆ ಯಾರ ವಿರುದ್ಧ ನಿಂತಿದ್ದರೋ ಅವರಿಗೇ ಕೋಚ್‌ಗಳ ಹತ್ತು ತೂಕ ಹೋಯಿತು. ಆಟಗಾರರ ಸಂಘ ಅಬೋದಿ ಕಡೆಗೇ ಉಳಿಯಿತು. ಜೋಡೆತ್ತು ಬೇರೆಯಾಯಿತು.

ಮೂರನೇ ಸುತ್ತಿನಲ್ಲಿ ತವೆಕ್ಕಿಯೊ ಗೆದ್ದರು: ಶೇ 54.03. ಅಬೋದಿಗೆ 45.97. ಮತದಾನ ರಹಸ್ಯವಾದ್ದರಿಂದ ಯಾರ ಚೀಟಿ ಎಲ್ಲಿ ಬಿತ್ತೆಂದು ಪ್ರಮಾಣ ಮಾಡಿ ಹೇಳುವಂತಿಲ್ಲ. ಆದರೂ ಬಹಿರಂಗವಾಗಿ ಯಾರು ಯಾರ ಕಡೆ ಎಂದು ಹೇಳಿಕೊಂಡದ್ದನ್ನು ಕೂಡಿಸಿ ನೋಡಬಹುದು. ಹವ್ಯಾಸಿಗಳ 34, ಕೋಚ್‌ಗಳ 10, ರೆಫರಿಗಳ 2, ಒಟ್ಟು 46 ತವೆಕ್ಕಿಯೊ ತಟ್ಟೆಗೆ. ಆಟಗಾರರ 20, ಮೂರನೇ ದರ್ಜೆಯ 17, ಸೀರಿ ಬಿ ಲೀಗಿನ 5, ಒಟ್ಟು 42 ಅಬೋದಿ ತಟ್ಟೆಗೆ. ಉಳಿದದ್ದು ಸೀರಿ ಎ ಲೀಗಿನ ಹನ್ನೆರಡು. ಅದರಲ್ಲಿ ಎಂಟು ಒಂದೆಡೆ, ನಾಲ್ಕು ಇನ್ನೊಂದೆಡೆ ಸೇರಿದರೆ ಫಲಿತಾಂಶ ಹೆಚ್ಚುಕಡಿಮೆ ತಾನಾಗಿ ಹೊಂದಿಕೊಳ್ಳುತ್ತದೆ. ಈಗ ಕೋಚ್‌ಗಳ ಹತ್ತನ್ನು ಮಾತ್ರ ಎತ್ತಿ ಆ ತಟ್ಟೆಗೆ ಹಾಕಿ. ತವೆಕ್ಕಿಯೊಗೆ 44, ಅಬೋದಿಗೆ 56. ಬೇರೊಂದು ಕಲ್ಲನ್ನೂ ಮುಟ್ಟಬೇಕಾಗಿಲ್ಲ, ಅಧ್ಯಕ್ಷರೇ ಬದಲು.

ಆ ಬಳಿಕ ಒಕ್ಕೂಟದ ಉಪಾಧ್ಯಕ್ಷರಲ್ಲಿ ಒಬ್ಬರಾಗಿ ಉಲಿವಿಯೇರಿ ಆಯ್ಕೆಯಾದರು. ಹುದ್ದೆಗಾಗಿಯೇ ಮತ ಕೊಟ್ಟರು ಎನ್ನಲು ಯಾವ ಆಧಾರವೂ ಇಲ್ಲ. ಹೊರಗಿದ್ದು ಮೂರು ವರ್ಷ ಏನೂ ದಕ್ಕದ ಸಂಘವೊಂದು ಈ ಸಲ ಒಳಗಿದ್ದು ನೋಡೋಣವೆಂದು ತೀರ್ಮಾನಿಸಿದರೆ ಅದು ತಪ್ಪೂ ಅಲ್ಲ. ಮೀನು ಹಿಡಿಯಬೇಕಾದವನು ನೀರಿಗೆ ಇಳಿಯಲೇಬೇಕು. ಆದರೆ ನೀರಿಗಿಳಿದವನ ಬಟ್ಟೆ ಒದ್ದೆಯಾಗುವುದೂ ಅಷ್ಟೇ ನಿಜ. 2017ರ ಆಗಸ್ಟ್‌ನಲ್ಲಿ ಒಕ್ಕೂಟ ವೆಂತೂರಾ ಅವರ ಕರಾರನ್ನು 2020ರವರೆಗೆ ಮುಂದುವರಿಸಿತು. ಮೂರು ತಿಂಗಳಿಗೆ ಸ್ಯಾನ್ ಸಿರೊದ ಆ ರಾತ್ರಿ ಬಂತು. ವೆಂತೂರಾ ಮೊದಲು ನೇಮಕವಾದದ್ದು 2016ರಲ್ಲಿ, ಈ ಮತದಾನಕ್ಕೆ ಮುಂಚೆಯೇ. ಹಾಗಾಗಿ ಕೋಚ್‌ಗಳ ಮತಕ್ಕೂ ಸ್ವೀಡನ್ ಎದುರಿನ ಸೋಲಿಗೂ ಗಂಟು ಹಾಕುವುದು ನ್ಯಾಯವಲ್ಲ. ಆದರೆ ಸೋಲಿನ ಪಾಪದಲ್ಲಿ ಪಾಲು ಕೇಳಲು ಜನ ಬಂದಾಗ ಆಡಳಿತದ ಪೀಠದಲ್ಲಿ ಕೋಚ್‌ಗಳ ಸಂಘವೂ ಕುಳಿತಿತ್ತು.

ಹತ್ತು ತೂಕಕ್ಕೆ ಯಾವಾಗಲೂ ಇಷ್ಟು ಬಲವಿರುತ್ತದೆ ಎಂದಲ್ಲ. 2018ರ ಜನವರಿ 29ರಂದು ರೋಮ್ ಬಳಿ ನಡೆದ ಚುನಾವಣೆಯಲ್ಲಿ ಮೂವರು ಸ್ಪರ್ಧಿಸಿದರು: ಮೂರನೇ ದರ್ಜೆಯ ಲೀಗಿನಿಂದ ಗ್ರವೀನಾ, ಹವ್ಯಾಸಿಗಳಿಂದ ಸಿಬಿಲಿಯಾ, ಆಟಗಾರರಿಂದ ತೊಮ್ಮಾಸಿ (2022ರಲ್ಲಿ ವೆರೋನಾ ನಗರದ ಮೇಯರ್ ಆಗಿ ಗೆದ್ದವರು ಇವರೇ). ನಾಲ್ಕು ಸುತ್ತು ಮತದಾನ ನಡೆದರೂ ಅಧ್ಯಕ್ಷರಿಲ್ಲ. ಕೊನೆಯ ಸುತ್ತಿನಲ್ಲಿ ಶೇ 59.09 ಚೀಟಿಗಳು ಖಾಲಿ! ಗ್ರವೀನಾಗೆ 39.06, ಸಿಬಿಲಿಯಾಗೆ 1.85. ಹವ್ಯಾಸಿಗಳೂ ಆಟಗಾರರೂ ಬಿಗಿಹಿಡಿದು ಕುಳಿತಾಗ ಕೋಚ್‌ಗಳ ಕಲ್ಲು ಯಾವ ತಟ್ಟೆಗೆ ಬಿದ್ದರೂ ಪ್ರಯೋಜನವಿರಲಿಲ್ಲ. ಕೊನೆಗೆ ಒಲಿಂಪಿಕ್ ಸಮಿತಿ ತನ್ನ ಆಡಳಿತಾಧಿಕಾರಿಯನ್ನು ನೇಮಿಸಿತು. ಆ ಅಕ್ಟೋಬರ್‌ನಲ್ಲಿ ಎಲ್ಲರೂ ರಾಜಿಯಾಗಿ ಗ್ರವೀನಾ ಅವರನ್ನು ಶೇ 97.20 ಮತಗಳಿಂದ ಆರಿಸಿದರು. 2021ರಲ್ಲಿ ಅವರು 73.45 ಪಡೆದು ಮತ್ತೆ ಗೆದ್ದರು. ಅದೇ ವರ್ಷ ಇಟಲಿ ಯುರೋಪ್ ಚಾಂಪಿಯನ್ ಆಯಿತು, ಮರುವರ್ಷ ಪಾಲೆರ್ಮೊದಲ್ಲಿ ಉತ್ತರ ಮ್ಯಾಸಿಡೋನಿಯಾ ಎದುರು ಸೋತು ಮತ್ತೊಂದು ವಿಶ್ವಕಪ್ ಕಳೆದುಕೊಂಡಿತು. 2014ರಲ್ಲಿ ಸೋತ ಆಲ್ಬರ್ತಿನಿಗೆ 2019ರಲ್ಲಿ ಕೊವೆರ್ಚಾನೊದ ತಾಂತ್ರಿಕ ವಿಭಾಗದ ಅಧ್ಯಕ್ಷ ಸ್ಥಾನ ಸಿಕ್ಕಿತು. ಅಬೋದಿ 2022ರಲ್ಲಿ ದೇಶದ ಕ್ರೀಡಾ ಸಚಿವರೇ ಆದರು.

ದೊಡ್ಡ ಕ್ಲಬ್‌ಗಳು ಸುಮ್ಮನಿರಲಿಲ್ಲ. ಹಣ ತರುವವರು ನಾವು, ನಮಗೆ ಹನ್ನೆರಡು, ಇದ್ಯಾವ ನ್ಯಾಯ ಎಂಬ ಅವರ ಕೂಗು ಸಂಸತ್ತಿಗೂ ಮುಟ್ಟಿತು. 2024ರ ನವೆಂಬರ್ 4ರಂದು ಒಕ್ಕೂಟ ತನ್ನ ನಿಯಮ ತಿದ್ದಿತು. ಸೀರಿ ಎ ತೂಕ 12ರಿಂದ 18ಕ್ಕೆ, ಸೀರಿ ಬಿ 5ರಿಂದ 6ಕ್ಕೆ ಏರಿತು. ಮೂರನೇ ದರ್ಜೆ 17ರಿಂದ 12ಕ್ಕೆ ಇಳಿಯಿತು. ರೆಫರಿಗಳ ಎರಡು ತೂಕ ಪೂರ್ತಿ ಹೋಯಿತು. ಹವ್ಯಾಸಿಗಳ 34 ಹಾಗೆಯೇ ಉಳಿಯಿತು. ಆಟಗಾರರ ಇಪ್ಪತ್ತನ್ನೂ ಕೋಚ್‌ಗಳ ಹತ್ತನ್ನೂ ಯಾರೂ ಮುಟ್ಟಲಿಲ್ಲ. 1999ರ ಶಾಸನದ ಗೋಡೆ ಅಡ್ಡವಿತ್ತು. ಕಾನೂನಿನ ಬಲ ಇರುವವರಿಗೂ ಇಲ್ಲದವರಿಗೂ ಇರುವ ಅಂತರಕ್ಕೆ ಕೋಚ್ ಮತ್ತು ರೆಫರಿಗಳ ಈ ಗತಿಗಿಂತ ಒಳ್ಳೆಯ ಉದಾಹರಣೆ ಬೇಕೆ?

ಇಟಲಿ ಒಂದೇ ಅಲ್ಲ. ಸ್ಪೇನ್ ಒಕ್ಕೂಟದ ಸಭೆಯಲ್ಲೂ ಕ್ಲಬ್, ಆಟಗಾರ, ರೆಫರಿಗಳ ಜೊತೆ ಕೋಚ್‌ಗಳಿಗೂ ತಮ್ಮ ವರ್ಗದ ಸ್ಥಾನಗಳಿವೆ. ಆಟಗಾರರ ಸಂಘವನ್ನು ನಡೆಸಿ ಬಂದ ಲೂಯಿಸ್ ರೂಬಿಯಾಲೆಸ್ 2018ರಲ್ಲಿ ಅಧ್ಯಕ್ಷರಾದದ್ದು ಇಂಥ ಸಭೆಯಲ್ಲೇ. ಅವರು 2023ರಲ್ಲಿ ಯಾವ ರೀತಿ ಹುದ್ದೆ ಬಿಡಬೇಕಾಯಿತೆಂಬುದು ಎಲ್ಲರಿಗೂ ಗೊತ್ತು.

ನಮ್ಮಲ್ಲಿ? ಭಾರತದ ಫುಟ್‌ಬಾಲಿನ ಸುವರ್ಣಕಾಲವನ್ನು ನೆನೆಯುವವರು ಮೊದಲು ಹೇಳುವ ಹೆಸರೇ ಒಬ್ಬ ಕೋಚ್‌ನದು, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಅವರ ಕಾಲದವು. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು ಎಂಬುದನ್ನೂ ಇಲ್ಲಿ ಹೇಳಬಹುದು. ಆದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮತ ಮಾತ್ರ ದಶಕಗಳ ಕಾಲ ರಾಜ್ಯ ಸಂಸ್ಥೆಗಳ ಪದಾಧಿಕಾರಿಗಳ ಜೇಬಿನಲ್ಲೇ ಇತ್ತು. 2022ರಲ್ಲಿ ಸುಪ್ರೀಂ ಕೋರ್ಟ್ 36 ಮಂದಿ ಹೆಸರಾಂತ ಆಟಗಾರರಿಗೂ ಮತ ಕೊಡಿಸಲು ಹೊರಟಿತು. ಆಗಸ್ಟ್ ಮಧ್ಯದಲ್ಲಿ ಫಿಫಾ, ಹೊರಗಿನವರ ಹಸ್ತಕ್ಷೇಪವೆಂದು ಭಾರತವನ್ನೇ ಅಮಾನತು ಮಾಡಿತು. ಕೋರ್ಟು ತನ್ನ ಆದೇಶ ಬದಲಿಸಿ, ತಾನು ನೇಮಿಸಿದ್ದ ಆಡಳಿತ ಸಮಿತಿಯನ್ನು ಕೈಬಿಟ್ಟ ಮೇಲೆ ಹತ್ತು ಹನ್ನೊಂದು ದಿನಗಳಲ್ಲಿ ಅಮಾನತು ತೆರವಾಯಿತು. ಸೆಪ್ಟೆಂಬರ್ 2ರಂದು ಮತ ಹಾಕಿದವರು ರಾಜ್ಯ ಸಂಸ್ಥೆಗಳವರು ಮಾತ್ರ. ದೇಶಕ್ಕಾಗಿ ಆಡಿದ ಬೈಚುಂಗ್ ಭುಟಿಯಾಗೆ ಸಿಕ್ಕಿದ್ದು 34ರಲ್ಲಿ ಒಂದು ಮತ. ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ 33 ಮತಗಳಿಂದ ಅಧ್ಯಕ್ಷರಾದರು. ಕರ್ನಾಟಕದ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾಗಿ ಆಯ್ಕೆಯಾದದ್ದು ಅದೇ ಚುನಾವಣೆಯಲ್ಲಿ.

ಮೂರು ವರ್ಷ ಕಳೆದು 2025ರ ಸೆಪ್ಟೆಂಬರ್ 19ರಂದು, ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ್ದ ಹೊಸ ನಿಯಮಾವಳಿಗೆ ಸುಪ್ರೀಂ ಕೋರ್ಟ್ ಕೆಲವು ತಿದ್ದುಪಡಿಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಫೆಡರೇಷನ್ ಅದನ್ನು ಅಂಗೀಕರಿಸಿತು. ಅದರ ಪ್ರಕಾರ ಮಹಾಸಭೆಯಲ್ಲಿ ರಾಜ್ಯಗಳವರ ಜೊತೆ 15 ಮಂದಿ ಹೆಸರಾಂತ ಆಟಗಾರರು, ಅವರಲ್ಲಿ ಕನಿಷ್ಠ ಐವರು ಮಹಿಳೆಯರು. ಕ್ಲಬ್‌ಗಳ ಪ್ರತಿನಿಧಿಗಳು, ರೆಫರಿಗಳು, ಅವರ ಜೊತೆಗೆ ಕೋಚ್‌ಗಳು. ಆಗಿನ ಪದಾಧಿಕಾರಿಗಳು 2026ರ ಸೆಪ್ಟೆಂಬರ್‌ವರೆಗೆ ಮುಂದುವರಿಯಬಹುದೆಂದೂ ಕೋರ್ಟು ಹೇಳಿತು. ಇಟಲಿಯಂತೆ ಇಲ್ಲಿ ತೂಕದ ಕಲ್ಲುಗಳಿಲ್ಲ, ತಲೆಗೊಂದು ಮತ. ಮೂವತ್ತಕ್ಕೂ ಹೆಚ್ಚು ರಾಜ್ಯ ಪ್ರತಿನಿಧಿಗಳ ನಡುವೆ ಕೋಚ್‌ಗಳ ಕೈ ಬೆರಳೆಣಿಕೆಯವು. ಅವು ಆಟಗಾರರ ಹದಿನೈದರ ಜೊತೆ ಏಳುತ್ತವೆಯೋ, ರಾಜ್ಯಗಳವರ ಜೊತೆ ಏಳುತ್ತವೆಯೋ ಎಂಬುದನ್ನು ಪೈಪೋಟಿ ಇರುವ ಒಂದು ಚುನಾವಣೆಯೇ ತೋರಿಸಬೇಕು.